ಪುಕ್ಕಟೆ ಮಾಡಿಕೊಟ್ಟವರಿಗೆ ಹೇಗೆ ಹೇಳಲಿ: ಒಬ್ಬ ತಂತ್ರಜ್ಞಾನ ಸಲಹೆಗಾರ್ತಿಯ ಪ್ರಕರಣ

ಬೆಂಗಳೂರಿನ ಒಬ್ಬ ತಂತ್ರಜ್ಞಾನ ಸಲಹೆಗಾರ್ತಿ ಕಂಪನಿಯ ಕೆಲಸ ಬಿಟ್ಟು ಸ್ವಯಂಸೇವಾ ಸಂಸ್ಥೆಗಳಿಗೆ ಸ್ವತಂತ್ರವಾಗಿ ದುಡಿಯಲು ಹೊರಟ ಮೂರು ವರ್ಷಗಳ ಕಥೆ ಇದು. ಅವರ ಒಪ್ಪಿಗೆಯನ್ನೂ ಸಂಸ್ಥೆಯ ಒಪ್ಪಿಗೆಯನ್ನೂ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನೂ ಸಂಸ್ಥೆಯ ಊರನ್ನೂ ಬಿಟ್ಟಿದ್ದೇನೆ, ಗುರುತು ಸಿಕ್ಕೀತು ಎನ್ನಿಸಿದ ಕಡೆ ವಿವರಗಳನ್ನು ಬದಲಿಸಿದ್ದೇನೆ. ಸಂಸ್ಥೆಗಳ ಲೆಕ್ಕಪತ್ರ ಮತ್ತು ಯೋಜನಾ ಬಜೆಟ್ ನೋಡಿಕೊಳ್ಳುವ ಕೆಲಸ ನನ್ನದು. ಐಟಿ ಬಿಟ್ಟು ಈ ಕಡೆ ಬಂದ ಹಲವರನ್ನು ಹತ್ತಿರದಿಂದ ನೋಡಿದ್ದೇನೆ. ಒಳ್ಳೆಯ ಮನಸ್ಸಿನಿಂದ ಬರುತ್ತಾರೆ, ವರ್ಷದೊಳಗೆ ನೊಂದು ಹಿಂತಿರುಗುತ್ತಾರೆ. ಅವರು ಬಿಟ್ಟುಹೋದ ಅರ್ಧಂಬರ್ಧ ಆಪ್ ಸಂಸ್ಥೆಯ ಯಾವುದೋ ಹಳೆಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಈ ಪ್ರಕರಣವೂ ಅದೇ ದಾರಿ ಹಿಡಿದಿತ್ತು. ಎಲ್ಲಿ ಹೊರಳಿತು ಎಂಬುದನ್ನು ದಾಖಲಿಸಬೇಕು ಅನ್ನಿಸಿತು.

ಹಿನ್ನೆಲೆ

ಹದಿನೇಳು ವರ್ಷಗಳ ಅನುಭವ. ದೊಡ್ಡ ದೊಡ್ಡ ಚಿಲ್ಲರೆ ವ್ಯಾಪಾರದ ಕಂಪನಿಗಳಿಗೆ ದಾಸ್ತಾನು, ಖರೀದಿ, ಲೆಕ್ಕಗಳ ವ್ಯವಸ್ಥೆಯನ್ನು ಕೂರಿಸಿಕೊಡುವುದು ಅವರ ಪರಿಣತಿ. ಗಂಡ ಅನುದಾನಿತ ಕಾಲೇಜಿನಲ್ಲಿ ಉಪನ್ಯಾಸಕರು, ಮಗಳು ಎಂಟನೇ ತರಗತಿ, ಮನೆ ಸಾಲದ ಕಂತು ತಿಂಗಳಿಗೆ 42,000 ರೂಪಾಯಿ.

2020ರ ಲಾಕ್‌ಡೌನ್ ಸಮಯದಲ್ಲಿ ಅವರ ಬಡಾವಣೆಯ ಹತ್ತಿರದ ಒಂದು ಗುಂಪು ವಲಸೆ ಕಾರ್ಮಿಕರಿಗೆ ದಿನಸಿ ಕಿಟ್ ಹಂಚುತ್ತಿತ್ತು. ಪಟ್ಟಿಯಲ್ಲಿ ಒಂದೇ ಮನೆಗೆ ಮೂರು ಸಲ ಹೆಸರು ಬರುತ್ತಿತ್ತು, ಪಕ್ಕದ ಶೆಡ್ಡಿನವರ ಹೆಸರೇ ಇರುತ್ತಿರಲಿಲ್ಲ. ಎರಡು ರಾತ್ರಿ ಕೂತು ಮೊಬೈಲ್ ಸಂಖ್ಯೆ ಮತ್ತು ಪಡಿತರ ಚೀಟಿಯ ಸಂಖ್ಯೆ ಹಿಡಿದು ಅವರು ಪಟ್ಟಿಯನ್ನು ಸರಿಪಡಿಸಿದರು. ಮೂರನೆಯ ದಿನ ಆ ಪಟ್ಟಿಯ ಪ್ರಕಾರವೇ ಗಾಡಿ ಹೊರಟಿತು. "ನಾನು ಮಾಡಿದ ಕೆಲಸ ಮರುದಿನವೇ ಒಬ್ಬರ ಅಡುಗೆಮನೆಗೆ ತಲುಪಿದ್ದು ಅದೇ ಮೊದಲು" ಎಂದು ಅವರು ಆಮೇಲೆ ನನ್ನ ಹತ್ತಿರ ಹೇಳಿದ್ದರು. 2021ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಕೈಯಲ್ಲಿ ಸುಮಾರು ಒಂದೂವರೆ ವರ್ಷಕ್ಕೆ ಆಗುವಷ್ಟು ಉಳಿತಾಯವಿತ್ತು.

ಮೊದಲ ಕೆಲಸ

ಪರಿಚಯಸ್ಥರೊಬ್ಬರ ಮೂಲಕ ಕಲ್ಯಾಣ ಕರ್ನಾಟಕದ ಒಂದು ಸಂಸ್ಥೆ ಸಿಕ್ಕಿತು. ಮಹಿಳಾ ಸ್ವಸಹಾಯ ಸಂಘಗಳು, ಮಕ್ಕಳ ಪೌಷ್ಟಿಕತೆ, ಮೂವತ್ತನಾಲ್ಕು ಕ್ಷೇತ್ರ ಕಾರ್ಯಕರ್ತೆಯರು, ನೂರಕ್ಕೂ ಹೆಚ್ಚು ಹಳ್ಳಿಗಳು. ಕಾರ್ಯದರ್ಶಿ ಅರವತ್ತರ ಆಸುಪಾಸಿನ ಹಿರಿಯರು. ಅವರ ಮೊದಲ ಮಾತೇ, "ನಮಗೊಂದು ಆಪ್ ಬೇಕಾಗಿತ್ತು ಮೇಡಂ" ಎಂದಾಗಿತ್ತು. ಆ ಬೇಡಿಕೆಯ ಮೂಲ ಬೇರೆ ಕಡೆ ಇತ್ತು. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುವ ಕಂಪನಿಯ ಅಧಿಕಾರಿಯೊಬ್ಬರು ಮುಂದಿನ ವರ್ಷ ಡ್ಯಾಶ್‌ಬೋರ್ಡ್ ಎಂಬ ಅಂಕಿಅಂಶಗಳ ಪರದೆ ತೋರಿಸಿದರೆ ಒಳ್ಳೆಯದು ಎಂದು ಹೇಳಿ ಹೋಗಿದ್ದರು.

ಸಲಹೆಗಾರ್ತಿ ಐದು ತಿಂಗಳು ದುಡಿದು ಆಪ್ ಕಟ್ಟಿದರು. ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ. ಅರವತ್ತೆರಡು ಪ್ರಶ್ನೆಗಳ ನಮೂನೆ, ಬಣ್ಣ ಬಣ್ಣದ ನಕ್ಷೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಎರಡು ದಿನಗಳ ತರಬೇತಿ ಆನ್‌ಲೈನಿನಲ್ಲೇ ಮುಗಿಯಿತು. ಮೊದಲ ಎರಡು ವಾರ ಮಾಹಿತಿ ಹರಿದು ಬಂತು, ನಾಲ್ಕನೇ ವಾರ ಅರ್ಧಕ್ಕೆ ಇಳಿಯಿತು, ಆರನೇ ವಾರದ ಹೊತ್ತಿಗೆ ನಿಂತೇ ಹೋಯಿತು. ಅವರು ಫೋನ್ ಮಾಡಿದಾಗಲೆಲ್ಲ ಕಚೇರಿಯಿಂದ ಒಂದೇ ಉತ್ತರ: "ನಡೆಯುತ್ತಿದೆ ಮೇಡಂ, ಈ ವಾರ ಸ್ವಲ್ಪ ಕೆಲಸ ಜಾಸ್ತಿ."

ಇದೇ ಸಮಯದಲ್ಲಿ ಇನ್ನೊಂದು ಎಡವಟ್ಟೂ ಆಗಿತ್ತು. ಸಂಸ್ಥೆಯ ಒಂಬತ್ತು ವರ್ಷಗಳ ಹಳೆಯ ಮಾಹಿತಿ ಎಕ್ಸೆಲ್ ಕಡತಗಳಲ್ಲಿತ್ತು. ಅವರ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪ್ರತಿ ಹೆಸರಿನ ಜಾಗದಲ್ಲೂ ತಲೆಯ ಮೇಲೆ ಚುಕ್ಕಿ, ಗೀಟು, ಬಾಲ ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳ ಸಾಲು. ಕಡತ ಹಾಳಾಗಿದೆ ಎಂದು ಮೂರು ಸಲ ಮತ್ತೆ ಕಳಿಸಲು ಹೇಳಿದರು, ಮೂರು ಸಲವೂ ಹಾಗೆಯೇ ಬಂತು. ಕಡೆಗೆ ಹಳೆಯ ಮಾಹಿತಿ ಬೇಡ, ಹೊಸದಾಗಿ ಶುರು ಮಾಡೋಣ ಎಂದುಬಿಟ್ಟರು. ಕಡತಕ್ಕೆ ಏನೂ ಆಗಿರಲಿಲ್ಲ. ಕಚೇರಿಯ ಟೈಪಿಸ್ಟ್ ಅದನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಹೊಡೆದಿದ್ದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತ ಬಳಸುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂರಿಸಿರುತ್ತಾರೆ, ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡ ಕಾಣುವುದಿಲ್ಲ. ಕರ್ನಾಟಕದ ಸಣ್ಣ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ದಿನನಿತ್ಯದ ಸಂಗತಿ. ಹದಿನೇಳು ವರ್ಷ ಇಂಗ್ಲಿಷಿನಲ್ಲೇ ದುಡಿದವರಿಗೆ ಹೊಳೆಯಲಿಲ್ಲ. ಕಚೇರಿಯವರಿಗೂ ಅವರಷ್ಟು ತಿಳಿದವರಿಗೆ ಇದು ಗೊತ್ತಿರಲಿಕ್ಕಿಲ್ಲ ಎಂಬ ಯೋಚನೆ ಬರಲಿಲ್ಲ.

ಎರಡನೆಯ ಸಂಸ್ಥೆಯೊಂದು ಸಣ್ಣ ಕೆಲಸಕ್ಕೆ ದರ ಕೇಳಿತು. 1,50,000 ರೂಪಾಯಿ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ 27,000 ಎಂದು ಬರೆದು ಕಳಿಸಿದರು. ಆ ಸಂಸ್ಥೆ ಉತ್ತರವನ್ನೇ ಕೊಡಲಿಲ್ಲ. ಉಳಿತಾಯ ಅರ್ಧಕ್ಕೆ ಇಳಿದಿತ್ತು. ಹಳೆಯ ಕಂಪನಿಯಿಂದ ವಾಪಸ್ ಬರುವಿರಾ ಎಂಬ ಕರೆಯೂ ಬಂದಿತ್ತು. ಆಗ ಅವರು ನನ್ನನ್ನು ನೋಡಲು ಬಂದರು.

ಹಳ್ಳಿಯಲ್ಲಿ ಒಂದು ದಿನ

ನಾನು ಕೇಳಿದ ಮೊದಲ ಪ್ರಶ್ನೆ, ಕಾರ್ಯಕರ್ತೆಯರ ಜೊತೆ ಎಷ್ಟು ದಿನ ಓಡಾಡಿದ್ದೀರಿ ಎಂಬುದು. ಒಂದು ದಿನವೂ ಇಲ್ಲ. ಕೋವಿಡ್ ಕಾರಣ ಸ್ವಲ್ಪ ದಿನ ನಿಜವಾಗಿತ್ತು, ಆಮೇಲೆ ಅಭ್ಯಾಸವಾಗಿತ್ತು. ಹಳೆಯ ಕಂಪನಿಗೆ ಉತ್ತರ ಕೊಡುವ ಮೊದಲು ಒಂದು ವಾರ ಅಲ್ಲಿಗೆ ಹೋಗಿಬನ್ನಿ ಎಂದೆ.

ಹೋದರು. ಮೊದಲ ದಿನವೇ ಕೆಲವು ಸಂಗತಿಗಳು ತಾವಾಗಿ ಕಂಡವು. ಫೋನ್ ಕಾರ್ಯಕರ್ತೆಯರದ್ದಲ್ಲ, ಮನೆಯದ್ದು. ಮಗ ಕಾಲೇಜಿಗೆ ಒಯ್ದ ದಿನ ಆಪ್ ಇಲ್ಲ. ಮದುವೆಯ ವಿಡಿಯೊಗಳಿಂದ ತುಂಬಿದ ಫೋನಿನಲ್ಲಿ ಆಪ್ ತೆರೆಯಲು ಎರಡು ನಿಮಿಷ. ನಮೂನೆ ಅರ್ಧ ತುಂಬಿದಾಗ ನೆಟ್‌ವರ್ಕ್ ಹೋದರೆ ಮತ್ತೆ ಮೊದಲಿನಿಂದ. ಒಂದೇ ಹಳ್ಳಿಯಲ್ಲಿ ಹನುಮಮ್ಮ ಹೆಸರಿನವರು ಹನ್ನೊಂದು ಮಂದಿ. ಒಬ್ಬರು ಹನುಮವ್ವ ಎಂದು ಬರೆದರೆ ಮತ್ತೊಬ್ಬರು ಹಣಮವ್ವ ಎಂದು ಬರೆಯುತ್ತಾರೆ, ಇಂಗ್ಲಿಷಿಗೆ ಇಳಿಸಿದಾಗ ನಾಲ್ಕು ಬಗೆ.

ಆದರೆ ಅವರನ್ನು ಬದಲಿಸಿದ್ದು ಒಂದು ನೋಟ್‌ಬುಕ್. ಇನ್ನೂರು ಪುಟದ ಸಾದಾ ಲಾಂಗ್ ಬುಕ್, ಮೂಲೆಗಳು ಎಣ್ಣೆ ಹಿಡಿದು ಕಂದಾಗಿವೆ, ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹೊದಿಕೆ. ಮನೆಗೊಂದು ಪುಟ. ಕೆಲವು ಪುಟಗಳ ತುದಿಯನ್ನು ಮೇಲೆ ಮಡಚಿದ್ದರು, ಕೆಲವನ್ನು ಕೆಳಗೆ. ಅದೇಕೆ ಎಂದು ಕೇಳಿದಾಗ ಕಾರ್ಯಕರ್ತೆ ಮೊದಲು ಹೇಳಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಹೇಳಿದರು. ಮೇಲೆ ಮಡಚಿದ್ದು ಮಗುವಿನ ತೂಕ ಇಳಿಯುತ್ತಿರುವ ಮನೆ, ಆ ವಾರವೇ ಮತ್ತೆ ಹೋಗಬೇಕು. ಕೆಳಗೆ ಮಡಚಿದ್ದು ಸಂಘದಲ್ಲಿ ಸಾಲ ತೆಗೆದುಕೊಂಡದ್ದು ಗಂಡನಿಗೆ ತಿಳಿಯಬಾರದ ಮನೆ. ಅಲ್ಲಿ ಬಾಗಿಲಲ್ಲಿ ನಿಂತು ಸಾಲದ ಮಾತು ಎತ್ತುವಂತಿಲ್ಲ. ಅರವತ್ತೆರಡು ಪ್ರಶ್ನೆಗಳಲ್ಲಿ ಈ ಎರಡಕ್ಕೂ ಜಾಗ ಇರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಸಾಲದ ಮೊತ್ತವನ್ನು ಆ ಮನೆಯವರ ಫೋನಿಗೇ ಸಂದೇಶವಾಗಿ ಕಳಿಸುವ ಸೌಲಭ್ಯವನ್ನು ಸಲಹೆಗಾರ್ತಿ ಬಹಳ ಉತ್ಸಾಹದಿಂದ ಆಪಿನೊಳಗೆ ಸೇರಿಸಿದ್ದರು. ಆ ರಾತ್ರಿ ತಂಗಿದ್ದ ಮನೆಯಿಂದಲೇ ಅದನ್ನು ತೆಗೆದುಹಾಕಿದರು. ಆಗಲೇ ಎಷ್ಟು ಸಂದೇಶಗಳು ಹೋಗಿವೆ ಎಂದು ನೋಡಿದರು. ಹನ್ನೆರಡು. ಆ ಹನ್ನೆರಡು ಮನೆಗಳಿಗೆ ಕಾರ್ಯಕರ್ತೆಯರು ಮರುದಿನದಿಂದ ಒಂದೊಂದಾಗಿ ಹೋಗಿ ಬಂದರು. ಎರಡು ಮನೆಗಳಲ್ಲಿ ಜಗಳವಾಗಿತ್ತು. ಈ ಭಾಗವನ್ನು ಬಿಡಬೇಡಿ, ಬರೆಯಿರಿ ಎಂದು ಅವರೇ ನನಗೆ ಹೇಳಿದರು.

ವಾರದ ಕೊನೆಗೆ ಕಾರ್ಯದರ್ಶಿಯವರ ಮುಂದೆ ಕೂತು, ಆಪ್ ನಿಂತಿದೆ ಎಂದು ನೀವೇಕೆ ಹೇಳಲಿಲ್ಲ ಸರ್ ಎಂದು ಕೇಳಿದರು. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರಂತೆ: "ನೀವು ದುಡ್ಡು ತೆಗೆದುಕೊಂಡಿದ್ದರೆ ಎರಡನೇ ವಾರವೇ ಫೋನ್ ಮಾಡಿ ಕೇಳುತ್ತಿದ್ದೆ. ಐದು ತಿಂಗಳು ಪುಕ್ಕಟೆ ಮಾಡಿಕೊಟ್ಟವರಿಗೆ ಹೇಗೆ ಹೇಳಲಿ ಮೇಡಂ?"

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುವುದು ಈ ಮಾತನ್ನು. ಪುಕ್ಕಟೆ ಸೇವೆ ಕೊಟ್ಟವರಿಗೆ ತೃಪ್ತಿ ಸಿಗುತ್ತದೆ, ಪಡೆದವರಿಗೆ ಕೇಳುವ ಹಕ್ಕು ಹೋಗುತ್ತದೆ. ಸ್ವಯಂಸೇವೆ ಬೇಡ ಎಂದು ನಾನು ಹೇಳುತ್ತಿಲ್ಲ. ಪ್ರವಾಹ ಬಂದಾಗ, ಒಂದು ದಿನದ ತುರ್ತಿಗೆ ಅದು ಬೇಕೇ ಬೇಕು. ಆದರೆ ವರ್ಷಗಟ್ಟಲೆ ನಡೆಯಬೇಕಾದ ವ್ಯವಸ್ಥೆಯನ್ನು ದಾಕ್ಷಿಣ್ಯದ ಮೇಲೆ ಕಟ್ಟಬಾರದು.

ದರ, ತೆರಿಗೆ, ಶೀರ್ಷಿಕೆ

ಮುಂದಿನ ಕೆಲಸ ಹಣ ಪಡೆದೇ ಎಂದು ನಿರ್ಧರಿಸಿದರು. ಎಷ್ಟು? ಕಂಪನಿ ಲೋಕದ ಲೆಕ್ಕದಲ್ಲಿ ದಿನಕ್ಕೆ 15,000 ಕೇಳಬಹುದಿತ್ತು, ಸಂಸ್ಥೆ 3,500 ಕೊಡಬಲ್ಲೆವು ಎಂದಿತು. ನಾವು ಲೆಕ್ಕವನ್ನು ಮನೆಯಿಂದ ಶುರು ಮಾಡಿದೆವು. ಸಂಸಾರಕ್ಕೆ ಅವರ ಪಾಲಿನಿಂದ ವರ್ಷಕ್ಕೆ 7,20,000 ಬೇಕು. ಸ್ವತಂತ್ರವಾಗಿ ದುಡಿಯುವವರಿಗೆ ತಿಂಗಳ ಇಪ್ಪತ್ತೆರಡು ದಿನವೂ ಹಣದ ದಿನವಲ್ಲ. ಪ್ರಯಾಣ, ಮಾತುಕತೆ, ಪ್ರಸ್ತಾವನೆಗಳಿಗೆ ಅರ್ಧ ಹೋಗುತ್ತದೆ. ವರ್ಷಕ್ಕೆ 120 ದಿನ ಸಿಕ್ಕರೆ ಪುಣ್ಯ. ಭಾಗಿಸಿದರೆ ದಿನಕ್ಕೆ 6,000. ಅದೇ ದರವಾಯಿತು. ಬಡ ಸಂಸ್ಥೆಗೆ ದರ ಇಳಿಸುವ ಬದಲು ದಿನಗಳನ್ನು ಇಳಿಸುವುದು ಎಂಬ ನಿಯಮವನ್ನೂ ಅವರೇ ಹಾಕಿಕೊಂಡರು.

ಜಿಎಸ್‌ಟಿ ವಿಷಯದಲ್ಲಿ ಅವರು ತಪ್ಪು ಮಾಡಿದ್ದರು. ನೋಂದಣಿ ಇದ್ದರೆ ಘನತೆ ಎಂದು ಮೊದಲ ತಿಂಗಳೇ ಮಾಡಿಸಿಕೊಂಡಿದ್ದರು. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಕಂಪನಿಯಾದರೆ ಕೊಟ್ಟ 18 ಶೇಕಡಾವನ್ನು ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತದೆ. ತಾನು ಯಾರಿಗೂ ಜಿಎಸ್‌ಟಿ ವಿಧಿಸದ ಸಂಸ್ಥೆಗೆ ಆ ದಾರಿ ಇಲ್ಲ, 27,000 ಎಂದರೆ ನೇರವಾಗಿ ಕೈಬಿಟ್ಟುಹೋಗುವ 27,000. ಎರಡನೆಯ ಸಂಸ್ಥೆ ಸುಮ್ಮನಾದದ್ದು ಇದಕ್ಕೇ. ನೋಂದಣಿಯನ್ನು ರದ್ದು ಮಾಡಿಸಿದರು.

ಇನ್ನು ಸಂಸ್ಥೆ ಈ ಹಣವನ್ನು ಬಜೆಟ್ಟಿನಲ್ಲಿ ಯಾವ ಖರ್ಚಿನ ಶೀರ್ಷಿಕೆಯಲ್ಲಿ ಹಾಕಬೇಕು? ತಂತ್ರಜ್ಞರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ, ಒಳಗೆ ಎಲ್ಲವೂ ನಿಂತಿರುವುದು ಇದರ ಮೇಲೆ. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ಅಡಿ ಬಂದ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ 20 ಶೇಕಡಾ ಮಾತ್ರ ಮಿತಿ, ಮೊದಲು 50 ಇತ್ತು. ವೃತ್ತಿಪರ ಶುಲ್ಕ ಸಾಮಾನ್ಯವಾಗಿ ಆ ಇಪ್ಪತ್ತರೊಳಗೇ ಬೀಳುತ್ತದೆ, ಅಲ್ಲಿ ಬಾಡಿಗೆ, ಲೆಕ್ಕಿಗರ ಸಂಬಳ ಆಗಲೇ ತುಂಬಿರುತ್ತವೆ. ಸಿಎಸ್‌ಆರ್ ಹಣದ ವಿಷಯ ಬೇರೆ. ಅಲ್ಲಿ ಆಡಳಿತ ವೆಚ್ಚಕ್ಕೆ 5 ಶೇಕಡಾ ಎಂಬ ಮಿತಿ ಇರುವುದು ಹಣ ಕೊಡುವ ಕಂಪನಿಯ ಸ್ವಂತ ಆಡಳಿತಕ್ಕೆ. ನಿರ್ದಿಷ್ಟ ಯೋಜನೆಯ ವಿನ್ಯಾಸ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ಆದ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು 2021ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. ಮಗುವಿನ ತೂಕದ ಮಾಹಿತಿ ಸರಿಯಾಗಿ ದಾಖಲಾಗುವುದು ಯೋಜನೆಯ ಮೇಲ್ವಿಚಾರಣೆಯಲ್ಲದೆ ಮತ್ತೇನು? ಹಾಗೆಂದು ಒಂದು ಪುಟದ ಪತ್ರ ಬರೆದೆವು. ಡ್ಯಾಶ್‌ಬೋರ್ಡ್ ಕೇಳಿದ್ದ ಅಧಿಕಾರಿಯೇ ಹತ್ತು ದಿನಗಳಲ್ಲಿ ಒಪ್ಪಿಗೆ ಕಳಿಸಿದರು.

ಒಂಬತ್ತು ದಿನಗಳ ಕೆಲಸ

ಐದು ತಿಂಗಳ ಆಪ್ ಪಕ್ಕಕ್ಕಿಟ್ಟು ಒಂಬತ್ತು ದಿನಗಳ ಕೆಲಸ ಬರೆದುಕೊಂಡರು. ಹೊಸದಾಗಿ ಏನನ್ನೂ ಕಟ್ಟಲಿಲ್ಲ. ಉಚಿತವಾಗಿ ಸಿಗುವ, ನೆಟ್‌ವರ್ಕ್ ಇಲ್ಲದಾಗಲೂ ಫೋನಿನಲ್ಲೇ ಮಾಹಿತಿ ಉಳಿಸಿಕೊಳ್ಳುವ ಕೋಬೊ ಟೂಲ್‌ಬಾಕ್ಸ್ ಎಂಬ ಸಮೀಕ್ಷೆಯ ತಂತ್ರಾಂಶ ಸಾಕಾಯಿತು. ಪ್ರಶ್ನೆಗಳು ಹನ್ನೊಂದು, ಎಲ್ಲವೂ ಕನ್ನಡದಲ್ಲಿ. ಆ ಹನ್ನೊಂದನ್ನು ಆರಿಸಿದವರು ಕಾರ್ಯಕರ್ತೆಯರು. ಪ್ರತಿ ಪ್ರಶ್ನೆಗೂ "ಇದನ್ನು ತಿಳಿದುಕೊಂಡು ನಾವು ಏನು ಮಾಡುತ್ತೇವೆ?" ಎಂದು ಕೇಳುತ್ತಾ ಹೋದರು. ಉತ್ತರ ಸಿಗದ್ದು ಹೊರಗೆ ಹೋಯಿತು. ಮೇಲೆ ಮಡಚಿದ ಪುಟ ನಮೂನೆಗೆ ಬಂತು, ಮತ್ತೆ ಹೋಗಬೇಕೇ ಎಂಬ ಪ್ರಶ್ನೆಯಾಗಿ. ಕೆಳಗೆ ಮಡಚಿದ್ದನ್ನು ನೋಟ್‌ಬುಕ್ಕಿನಲ್ಲೇ ಬಿಟ್ಟರು. ಅದು ಯಾವ ಕಂಪ್ಯೂಟರಿಗೂ ಹೋಗಬಾರದು ಎಂದು ಕಾರ್ಯಕರ್ತೆಯರು ಹೇಳಿದರು, ಆ ಮಾತು ಸರಿಯಾಗಿತ್ತು.

ಒಂಬತ್ತರಲ್ಲಿ ಮೂರು ದಿನ ಹಳೆಯ ನುಡಿ ಕಡತಗಳಿಗೆ ಹೋಯಿತು. ಪರಿವರ್ತಕ ಬಳಸಿ ಯೂನಿಕೋಡಿಗೆ ತಂದಾಗ ಬಹುಪಾಲು ಸರಿಯಾಗಿ ಬಂತು, ಅರ್ಕಾವತ್ತು ಇರುವ ಹೆಸರುಗಳು ಕೆಟ್ಟವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಗುರುತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಆ ಜಿಲ್ಲೆಯಲ್ಲಿ ದುರ್ಗಮ್ಮ, ಪಾರ್ವತಿ ಎಷ್ಟು ಮಂದಿ ಇದ್ದಾರೆ ಎಂಬುದು ಆ ಮೂರು ದಿನಗಳಲ್ಲಿ ಗೊತ್ತಾಯಿತು. ಟೈಪಿಸ್ಟ್ ಪಕ್ಕದಲ್ಲೇ ಕೂತು ಒಂದೊಂದನ್ನೇ ಸರಿಪಡಿಸಿದರು. ನುಡಿಯ ಹೊಸ ಆವೃತ್ತಿಯಲ್ಲಿ ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಹೊಡೆಯಬಹುದು ಎಂದು ಗೊತ್ತಾದಾಗ ಅವರಿಗೆ ದೊಡ್ಡ ಭಾರ ಇಳಿದಂತಾಯಿತು. ಕೈಗೆ ಕೂತ ವೇಗ ಬಿಡಬೇಕಾದೀತು ಎಂಬ ಭಯ ಅವರಿಗೆ ಒಳಗೇ ಇತ್ತು.

ಯಾರೂ ಕೇಳದ ಒಂದು ಕೆಲಸವನ್ನೂ ಮಾಡಬೇಕಾಯಿತು. ಫಲಾನುಭವಿಗಳ ಆಧಾರ್ ಪ್ರತಿಗಳೆಲ್ಲ ಒಂದು ಜಿಮೇಲ್ ಖಾತೆಯಲ್ಲಿದ್ದವು, ಅದರ ಪಾಸ್‌ವರ್ಡ್ ಕೆಲಸ ಬಿಟ್ಟುಹೋದ ಇಬ್ಬರ ಬಳಿ ಇತ್ತು. ಪಾಸ್‌ವರ್ಡ್ ಬದಲಿಸಿ, ಬೇಕಿಲ್ಲದ ಪ್ರತಿಗಳನ್ನು ಅಳಿಸಿ, ಸಂಸ್ಥೆಯ ಹೆಸರಿನಲ್ಲೇ ಮಿಂಚಂಚೆ ಖಾತೆಗಳನ್ನು ಮಾಡಿಸಿದರು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂದಾಗ ಬೇರೆ ಸಂಸ್ಥೆಗಳು ಗಾಬರಿಯಿಂದ ಇವರನ್ನು ಕರೆದದ್ದು ಈ ಅನುಭವದ ಬಲದಿಂದಲೇ.

ಬಿಲ್ಲು 54,000. ಹತ್ತು ಶೇಕಡಾ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಮುರಿದು 48,600 ಬಂತು. ತಾಂತ್ರಿಕ ಸಲಹೆಯ ವೃತ್ತಿಗೆ ಆದಾಯ ತೆರಿಗೆಯ 44ಎಡಿಎ ಕಲಂ ಪ್ರಕಾರ ಒಟ್ಟು ಪಾವತಿಯ ಅರ್ಧವನ್ನು ಆದಾಯವೆಂದು ತೋರಿಸಬಹುದಾಗಿತ್ತು. ಹಾಗೆ ತೋರಿಸಿದಾಗ ತೆರಿಗೆ ಬೀಳದೆ, ಆ ವರ್ಷ ಮುರಿದ ಹಣ ಪೂರ್ತಿ ವಾಪಸ್ ಬಂತು.

ಏನಾಯಿತು, ಏನಾಗಲಿಲ್ಲ

ನಮೂನೆ ನಿಲ್ಲದೆ ನಡೆಯಿತು. ಮೊದಲ ಮೂರು ತಿಂಗಳಲ್ಲಿ ಕಾರ್ಯದರ್ಶಿಯವರು ಐದು ಸಲ ಫೋನ್ ಮಾಡಿ ದೂರು ಹೇಳಿದರು. ಸಲಹೆಗಾರ್ತಿ ಆ ಐದೂ ದೂರುಗಳನ್ನು ಸಂತೋಷದಿಂದ ನನಗೆ ಓದಿ ಹೇಳಿದ್ದು ನೆನಪಿದೆ.

ಆದರೆ ಸಂಸ್ಥೆಗಳ ಕೆಲಸದಿಂದಲೇ ಮನೆ ನಡೆಯಲಿಲ್ಲ. 2022-23ರಲ್ಲಿ ಬಂದ ಸುಮಾರು 9 ಲಕ್ಷದಲ್ಲಿ 5 ಲಕ್ಷ ಒಬ್ಬ ಹಳೆಯ ಕಂಪನಿ ಗ್ರಾಹಕರಿಂದ, ತಿಂಗಳಿಗೆ ಮೂರು ದಿನದ ಕೆಲಸಕ್ಕೆ. ಮೊದಲು ಅವರಿಗೆ ಇದು ಸೋಲಿನಂತೆ ಕಂಡಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. ಅಂಗವಿಕಲರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಗೆ ಮೂವತ್ತು ದಿನ ದುಡಿದಿದ್ದರು. ದಾನಿಯ ಎರಡನೆಯ ಕಂತು ತಡವಾಗಿ ಅವರ ಹಣ ಏಳು ತಿಂಗಳ ನಂತರ ಬಂತು. ಆ ಏಳು ತಿಂಗಳು ಮನೆ ಸಾಲದ ಕಂತು ಕಟ್ಟಿದ್ದು ಕಂಪನಿಯ ಆ ಮೂರು ದಿನಗಳೇ. ಆ ನಂತರ 40 ಶೇಕಡಾ ಮುಂಗಡವಿಲ್ಲದೆ ಕೆಲಸ ಶುರು ಮಾಡುವುದಿಲ್ಲ. ಭಾನುವಾರ ರಾತ್ರಿ ಪ್ರಿಂಟರ್ ಕೆಟ್ಟಿದೆ ಎಂದು ಬರುವ ಕರೆಗಳಿಗೂ ಮಿತಿ ಹಾಕಿದರು. ಮುಗಿದ ಕೆಲಸದ ಬಗ್ಗೆ ಮೂರು ತಿಂಗಳಿಗೆ ಎರಡು ದಿನ ಏನು ಬೇಕಾದರೂ ಕೇಳಬಹುದು, ಅದನ್ನು ಒಪ್ಪಂದದಲ್ಲೇ ಬರೆಯುತ್ತಾರೆ.

2023-24ರಲ್ಲಿ ದರ 7,000ಕ್ಕೆ ಏರಿತು, ಒಟ್ಟು 12 ಲಕ್ಷದಲ್ಲಿ 7 ಲಕ್ಷ ಸಂಸ್ಥೆಗಳಿಂದ. ಹಳೆಯ ಸಂಬಳಕ್ಕೆ ಹೋಲಿಸಿದರೆ ಅರ್ಧವೂ ಅಲ್ಲ. ಕಾರು ಮಾರಿದರು. ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆ ಹೋದದ್ದನ್ನು ಒಂದು ವರ್ಷ ಮರೆತೇ ಇದ್ದರು, ಅತ್ತೆಯವರಿಗೆ ಆಸ್ಪತ್ರೆ ಆದಾಗ ಗೊತ್ತಾಯಿತು. ಈ ದಾರಿಗೆ ಬರುವವರಿಗೆ ನಾನು ಈಗ ಮೊದಲು ಹೇಳುವುದು ವಿಮೆಯ ಮಾತನ್ನೇ, ರಾಜೀನಾಮೆಗೆ ಮೊದಲು ಅದು ಆಗಬೇಕು. ಎರಡನೆಯದಾಗಿ, ಮೊದಲ ಸಂಸ್ಥೆಯ ಕಾರ್ಯಕರ್ತೆಯ ಜೊತೆ ಒಂದು ವಾರ ಬಸ್ಸಿನಲ್ಲಿ ಓಡಾಡದೆ ಕಂಪ್ಯೂಟರ್ ತೆರೆಯಬೇಡಿ ಎನ್ನುತ್ತೇನೆ. ಆ ಹನ್ನೆರಡು ಸಂದೇಶಗಳು ನಮಗೆ ಕಲಿಸಿದ್ದು ಅದನ್ನು.

ಕಳೆದ ತಿಂಗಳು ಸಂಸ್ಥೆಯ ಲೆಕ್ಕ ನೋಡಲು ಹೋಗಿದ್ದೆ. ನೋಟ್‌ಬುಕ್ಕಿನ ಆ ಕಾರ್ಯಕರ್ತೆಯೇ ಈಗ ಮಾಹಿತಿ ವಿಭಾಗ ನೋಡಿಕೊಳ್ಳುತ್ತಾರೆ. ನಮೂನೆಗೆ ಹನ್ನೆರಡನೆಯ ಪ್ರಶ್ನೆಯೊಂದನ್ನು ತಾವೇ ಸೇರಿಸಿದ್ದರು, ಮಗುವಿನ ತಾಯಿ ಗುಳೆ ಹೋಗಿದ್ದಾರೆಯೇ ಎಂದು. ಸಲಹೆಗಾರ್ತಿಗೆ ತಿಳಿಸಿದಿರಾ ಎಂದು ಕೇಳಿದೆ. "ಇಲ್ಲ ಸರ್, ಕೇಳುವಂಥದ್ದು ಏನೂ ಇರಲಿಲ್ಲ" ಎಂದು ಹೇಳಿ, ಮೇಜಿನ ಮೇಲಿದ್ದ ಲಾಂಗ್ ಬುಕ್ ಎತ್ತಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು.